ಘಾಟಿಯ ಗುಡ್ಡ ಕುಸಿತ: ಅಪಾಯದ ಲೆಕ್ಕ ಹಾಕುವ ಬಗೆ

ಘಾಟಿಯ ರಸ್ತೆ, ರೈಲು ಹಳಿಗಳಿಗೆ ಗುಡ್ಡ ಕುಸಿತದಿಂದ ಎಷ್ಟು ಅಪಾಯ ಅಂತ ಲೆಕ್ಕ ಹಾಕುವ ಪಾಠ ತಲೆಗೆ ಹತ್ತದಿದ್ದರೆ ಮೊದಲು ಹೋಗಿ ಒಂದು ಎಂ-ಸ್ಯಾಂಡ್ ರಾಶಿ ನೋಡಿ. ಬೆಂಗಳೂರಲ್ಲಿ ಅದಕ್ಕೇನು ಬರವಿಲ್ಲ, ನಮ್ಮ ಬೀದಿಯಲ್ಲೇ ಎರಡಿವೆ. ಸ್ವಲ್ಪ ತೇವ ಇರುವ ರಾಶಿಯ ಬುಡವನ್ನು ಸನಿಕೆಯಿಂದ ನೆಟ್ಟಗೆ ಕಡಿದರೂ ಅದು ಗೋಡೆ ಥರ ನಿಲ್ಲುತ್ತದೆ. ಅದರ ನೆತ್ತಿಗೆ ಒಂದು ಕೊಡ ನೀರು ಸುರಿಯಿರಿ. ಒಂದು ಕ್ಷಣ ಏನೂ ಆಗಲ್ಲ. ಆಮೇಲೆ ಮೇಲ್ಗಡೆ ಸಣ್ಣ ಬಿರುಕು ಕಾಣಿಸುತ್ತದೆ, ನೋಡನೋಡುತ್ತಲೇ ಆ ಪಕ್ಕ ಪೂರ್ತಿ ಕೆಳಗೆ ಕೂರುತ್ತದೆ.

ಘಾಟಿಯಲ್ಲೂ ನಡೆಯುವುದು ಹೆಚ್ಚುಕಡಿಮೆ ಇದೇ. ಸ್ವಲ್ಪ ತೇವವಿದ್ದರೆ ಅದು ಮಣ್ಣಿನ ಕಣಗಳನ್ನು ಹಿಡಿದಿಡುತ್ತದೆ, ನೀರು ತುಂಬಿದರೆ ಆ ಹಿಡಿತ ಹೋಗಿ ಒಳಗಿನ ನೀರಿನ ಒತ್ತಡವೇ ಕಣಗಳನ್ನು ಬಿಡಿಸುತ್ತದೆ, ಮೇಲೆ ಮಣ್ಣಿನ ತೂಕವೂ ಜಾಸ್ತಿ. ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದರೆ ಸಿಗುವುದು ಸುರಕ್ಷತಾ ಅಂಶ. 1ಕ್ಕಿಂತ ಕೆಳಗಿಳಿದರೆ ಕುಸಿತ. ಬೇಸಿಗೆಯಲ್ಲಿ 1.3 ಬಂದ ಇಳಿಜಾರಿಗೆ ಜುಲೈನಲ್ಲೂ 1.3 ಅಂತ ಬರೆದು ನಾನು ಕಿರುಪರೀಕ್ಷೆಯಲ್ಲಿ ಅಂಕ ಕಳೆದುಕೊಂಡೆ, ನೀವು ಹಾಗೆ ಮಾಡಬೇಡಿ.

ನಮ್ಮಲ್ಲಿ ಗುಡ್ಡಗಳಿಗೆ ಅಂಕ ಕೊಡಲು ಐಎಸ್ (ಭಾರತೀಯ ಮಾನಕ) 14496, ಭಾಗ 2 ಅಂತ 1998ರ ಮಾನಕವಿದೆ. ಒಟ್ಟು 10 ಅಂಕ. ಕಲ್ಲಿನ ಜಾತಿ, ಕಲ್ಲಿನ ಬಿರುಕು-ಪದರಗಳ ದಿಕ್ಕು, ಇಳಿಜಾರು, ನೆಲದ ಬಳಕೆ, ಇವಕ್ಕೆ ತಲಾ 2. ಎತ್ತರದ ವ್ಯತ್ಯಾಸ ಮತ್ತು ಅಂತರ್ಜಲಕ್ಕೆ ತಲಾ 1. ಮೊತ್ತ 7.5 ದಾಟಿದರೆ ಕುಸಿಯುವ ಸಾಧ್ಯತೆ ಅತಿ ಹೆಚ್ಚು. ಬಾಯಿಪಾಠ ಮಾಡಲು ಸುಲಭ, ಆದರೆ ರಸ್ತೆಗೆ ಇದೊಂದೇ ಸಾಲದು. ಈ ಅಂಕಗಳನ್ನು ಗುರುತಿಸುವ 1:50,000 ಪ್ರಮಾಣದ ನಕ್ಷೆಯಲ್ಲಿ 1 ಮಿ.ಮೀ. ಅಂದರೆ ನೆಲದ ಮೇಲೆ 50 ಮೀಟರ್. ರಸ್ತೆಗಾಗಿ ಜೆಸಿಬಿ ಕಡಿದ 20 ಮೀಟರ್ ಗೋಡೆ ಅದರಲ್ಲಿ ಕಾಣುವುದೇ ಇಲ್ಲ. ಜಾರುವುದು ಮಾತ್ರ ಅಲ್ಲೇ!

ಇನ್ನು ಎಲ್ಲರೂ ಅವಸರದಲ್ಲಿ ದಾಟಿಬಿಡುವ ಭಾಗ. ಕುಸಿಯುವ ಸಾಧ್ಯತೆ, ಆಗ ಕೆಳಗೆ ಯಾರಾದರೂ ಇರುವ ಸಾಧ್ಯತೆ, ಇದ್ದವರಿಗೆ ಆಗುವ ಹಾನಿ, ಈ ಮೂರನ್ನೂ ಗುಣಿಸಿದರೆ ಅಪಾಯ. ಒಂದು ಲೆಕ್ಕ ಮಾಡೋಣ. ಗಂಟೆಗೆ 100 ಗಾಡಿ, ಕುಸಿಯಬಹುದಾದ ಜಾಗ 100 ಮೀಟರ್, ವೇಗ ಗಂಟೆಗೆ 40 ಕಿ.ಮೀ. ಒಂದು ಗಾಡಿ ದಾಟಲು 9 ಸೆಕೆಂಡು, ನೂರಕ್ಕೆ 900 ಸೆಕೆಂಡು, ಗಂಟೆಯ 3600 ಸೆಕೆಂಡಿನಲ್ಲಿ ಕಾಲು ಭಾಗ. ಅಂದರೆ ಯಾವುದೇ ಕ್ಷಣದಲ್ಲಿ ಅಲ್ಲಿ ಸರಾಸರಿ ಕಾಲು ಗಾಡಿ ಇರುತ್ತದೆ. ಈಗ ಅದೇ ಜಾಗದಲ್ಲಿ ಒಂದು ಟೀ ಅಂಗಡಿ ಇಡಿ. ಸದಾ ಐದು ಗಾಡಿ ನಿಂತಿರುತ್ತವೆ ಅನ್ನಿ. ಗುಡ್ಡ ಅದೇ, ಮಳೆ ಅದೇ, ಕೆಳಗಿರುವವರು ಮಾತ್ರ ಇಪ್ಪತ್ತು ಪಟ್ಟಿಗೂ ಜಾಸ್ತಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದಾಗ ಅಲ್ಲಿ ಹೋಟೆಲಿತ್ತು, ಲಾರಿಗಳು ನಿಂತಿದ್ದವು, ಆಚೆ ಬದಿಗೆ ಗಂಗಾವಳಿ ನದಿ. ಲಾರಿ ನಿಲ್ಲಿಸುವ ಜಾಗ ಎಲ್ಲಿರಬೇಕು ಅನ್ನುವುದೂ ಭೂಕುಸಿತದ ಪ್ರಶ್ನೆಯೇ, ಅಲ್ವಾ?

ರೈಲಿನ ಲೆಕ್ಕ ಬೇರೆ. ದಿನಕ್ಕೆ 10 ರೈಲು, ಒಂದೊಂದೂ 500 ಮೀಟರ್ ಉದ್ದ, ಕುಸಿತದ ಅಗಲ 50 ಮೀಟರ್, ವೇಗ 30 ಕಿ.ಮೀ. ಅಂದುಕೊಳ್ಳಿ. ದಿನದಲ್ಲಿ ಬರೀ 11 ನಿಮಿಷ ರೈಲು ಆ ಜಾಗದಲ್ಲಿರುತ್ತದೆ. ಖುಷಿಪಡಬೇಡಿ. ರೈಲಿನ ಮೇಲೆ ಬಂಡೆ ಬೀಳುವುದಕ್ಕಿಂತ ಬಿದ್ದ ಬಂಡೆಗೆ ರೈಲು ಹೋಗಿ ಗುದ್ದುವ ಅಪಾಯವೇ ದೊಡ್ಡದು, ಯಾಕೆಂದರೆ ತಿರುವಿನಾಚೆ ಕಾಣುವುದಿಲ್ಲ, ಕಂಡರೂ ಪಕ್ಕಕ್ಕೆ ತಿರುಗಿಸಲಾಗದು. ಕೊಂಕಣ ರೈಲ್ವೆಯಲ್ಲಿ 2003 ಮತ್ತು 2004ರ ಜೂನ್ ತಿಂಗಳಲ್ಲಿ ನಡೆದ ಅಪಘಾತಗಳು ಇಂಥವೇ. ಹಾಗಾಗಿ ಇಲ್ಲಿ ಮಳೆಗಾಲದ ವೇಗಮಿತಿ ಮತ್ತು ರಾತ್ರಿ ಗಸ್ತು ತಡೆಗೋಡೆಯಷ್ಟೇ ಮುಖ್ಯ.

ಹಳಿಯ ಕೆಳಗನ್ನೂ ಮರೆಯಬೇಡಿ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಸುಮಾರು 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣೇ ಜಾರಿ ರೈಲುಗಳು ನಿಂತವು.

ಕ್ಷೇತ್ರಕ್ಕೆ ಹೋದಾಗ ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾದ ಮರ, ವಾಲಿದ ಕರೆಂಟ್ ಕಂಬ, ನೆತ್ತಿಯ ಬಿರುಕು, ಉಬ್ಬಿದ ತಡೆಗೋಡೆ, ಗುಡ್ಡ ಜಾರುತ್ತಿರುವ ಈ ಗುರುತುಗಳೆಲ್ಲ ಸರಿ, ಎಲ್ಲರೂ ನೋಡುತ್ತಾರೆ. ನಾನು ಮೊದಲು ರಸ್ತೆ, ಹಳಿಗಳ ಅಡಿಯಲ್ಲಿ ನೀರು ದಾಟಿಸುವ ಮೋರಿಗೆ ಬಗ್ಗುತ್ತೇನೆ. ಜೋರು ಮಳೆ ಬರುತ್ತಿದ್ದರೂ ಅದರಲ್ಲಿ ನೀರು ಹರಿಯುತ್ತಿಲ್ಲ ಅಂದರೆ, ಆ ನೀರು ಗುಡ್ಡದ ಕಡೆ ಎಲ್ಲಿ ನಿಂತಿದೆ ಅಂತ ಹುಡುಕಬೇಕು.