ಹೊಲಿಗೆಯಿಲ್ಲದ ಹೃದಯ ಕವಾಟ: ಮೂಲೆಗೆ ಸರಿದಿದ್ದ ಆಲೋಚನೆ ಮರಳಿ ಬಂದ ಬಗೆ

ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ ರಕ್ತ ಹಾಯುವಲ್ಲಿರುವ ಕವಾಟದ ದಳಗಳಲ್ಲಿ ಕ್ಯಾಲ್ಸಿಯಂ ಶೇಖರವಾಗಿ, ಅವು ಪೂರ್ತಿ ತೆರೆಯಲಾರದಷ್ಟು ಬಿರುಸಾಗುವ ಸ್ಥಿತಿಯೇ ಅಯೋರ್ಟಿಕ್ ಸ್ಟೆನೋಸಿಸ್. ಎದೆನೋವು, ಪ್ರಜ್ಞೆ ತಪ್ಪಿ ಬೀಳುವುದು, ಏದುಸಿರು ಕಾಣಿಸಿಕೊಂಡ ನಂತರ ಚಿಕಿತ್ಸೆಯಿಲ್ಲದೆ ಉಳಿಯುವ ಆಯುಸ್ಸು ಸರಾಸರಿ ಕೆಲವೇ ವರ್ಷಗಳು ಎಂಬುದನ್ನು ಹೃದ್ರೋಗ ತಜ್ಞರಾದ ರಾಸ್ ಮತ್ತು ಬ್ರಾನ್‌ವಾಲ್ಡ್ 1968ರಲ್ಲೇ ದಾಖಲಿಸಿದ್ದರು. ಈ ಬಿರುಸನ್ನು ಕರಗಿಸುವ ಔಷಧ ಇಂದಿಗೂ ಇಲ್ಲದಿರುವುದರಿಂದ ಕವಾಟವನ್ನೇ ಬದಲಿಸಬೇಕಾಗುತ್ತದೆ.

ಅಮೆರಿಕದ ಶಸ್ತ್ರವೈದ್ಯ ಡ್ವೈಟ್ ಹಾರ್ಕನ್ 1960ರಲ್ಲಿ ಪಂಜರದೊಳಗೆ ಚೆಂಡಿರುವ ಕೃತಕ ಕವಾಟವನ್ನು ಆ ಜಾಗದಲ್ಲಿ ಕೂರಿಸಿದರು. ಅದನ್ನು ಸುತ್ತಲೂ ಹೊಲಿಯಬೇಕಿತ್ತು. ಹೊಲಿದು ಮುಗಿಯುವವರೆಗೂ ಮಹಾಪಧಮನಿಗೆ ಕ್ಲ್ಯಾಂಪ್ (ರಕ್ತದ ಹರಿವನ್ನು ತಡೆಯುವ ಇಕ್ಕಳ) ಹಾಕಿ, ದೇಹದ ರಕ್ತಸಂಚಾರವನ್ನು ಯಂತ್ರಕ್ಕೆ ಒಪ್ಪಿಸಬೇಕಿತ್ತು. ಹೃದಯದ ಸ್ನಾಯುವನ್ನು ಆ ಹೊತ್ತಿನಲ್ಲಿ ಕಾಪಾಡುವ ವಿಧಾನಗಳು ಇನ್ನೂ ಪಕ್ವವಾಗಿರದ ಅಂದಿನ ದಿನಗಳಲ್ಲಿ ಪ್ರತಿ ನಿಮಿಷವೂ ಅಪಾಯದ್ದೇ.

ಈ ಒತ್ತಡವೇ ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಮ್ಯಾಗವರ್ನ್ ಮತ್ತು ಎಂಜಿನಿಯರ್ ಹ್ಯಾರಿ ಕ್ರೋಮಿ ಅವರನ್ನು ಹೊಲಿಗೆಯೇ ಬೇಡದ ಕವಾಟದತ್ತ ಒಯ್ದಿತು. 1962ರಲ್ಲಿ ಬಳಕೆಗೆ ಬಂದ ಅವರ ಕವಾಟದ ಬಳೆಯೊಳಗೆ ಬಾಗಿದ ಲೋಹದ ಮುಳ್ಳುಗಳಿದ್ದವು. ಉಪಕರಣವನ್ನು ತಿರುಗಿಸಿದೊಡನೆ ಅವು ಹೊರಚಾಚಿ ಅಂಗಾಂಶವನ್ನು ಕಚ್ಚಿ ಹಿಡಿಯುತ್ತಿದ್ದವು. ಸಾವಿರಾರು ರೋಗಿಗಳಿಗೆ ಅದನ್ನು ಅಳವಡಿಸಲಾಯಿತು, ಕೆಲವರಲ್ಲಿ ಅದು ದಶಕಗಳ ಕಾಲ ದುಡಿಯಿತು. ಆದರೆ ಕವಾಟದ ಅಂಚಿನಿಂದ ರಕ್ತ ಸೋರುವುದು, ಹೆಪ್ಪುಗಟ್ಟಿದ ರಕ್ತ ಬೇರೆಡೆಗೆ ಹರಿದು ನಾಳಗಳನ್ನು ಮುಚ್ಚುವುದು, ಇವೆರಡೂ ಬೆನ್ನು ಬಿಡಲಿಲ್ಲ. ಅಷ್ಟರಲ್ಲಿ ಹೃದಯವನ್ನು ಸುರಕ್ಷಿತವಾಗಿ ನಿಲ್ಲಿಸುವ ದ್ರಾವಣಗಳು ಸುಧಾರಿಸಿ ಅವಸರದ ಅಗತ್ಯ ಕಡಿಮೆಯಾಯಿತು. ಹೊಲಿಗೆಯೇ ಗೆದ್ದಿತು. ಆಲೋಚನೆ ತಪ್ಪಾಗಿತ್ತೆಂದು ನನಗನಿಸುವುದಿಲ್ಲ. ಅದಕ್ಕೆ ತಕ್ಕ ಸಾಮಗ್ರಿ ಆಗ ಇರಲಿಲ್ಲ.

ಆ ಸಾಮಗ್ರಿ ಬಂದದ್ದು ಬೇರೊಂದು ದಾರಿಯಿಂದ. ಫ್ರಾನ್ಸಿನ ರೂಆನ್ ನಗರದಲ್ಲಿ ಹೃದ್ರೋಗ ತಜ್ಞ ಅಲೆನ್ ಕ್ರಿಬಿಯೆ 2002ರಲ್ಲಿ ಎದೆ ತೆರೆಯದೆಯೇ, ರಕ್ತನಾಳದ ಮೂಲಕ ಮಡಚಿದ ಕವಾಟವನ್ನು ಒಯ್ದು ಕೂರಿಸಿದರು. ಲೋಹದ ಚೌಕಟ್ಟು ಅರಳಿ ತಾನೇ ಕವಾಟವನ್ನು ಹಿಡಿದಿಡಬಲ್ಲದು ಎಂಬುದು ಸಾಬೀತಾದ ಮೇಲೆ ಅದೇ ತತ್ವ ತೆರೆದ ಶಸ್ತ್ರಚಿಕಿತ್ಸೆಗೂ ಬಂತು. 2007ರಲ್ಲಿ ಮೊದಲು ಅಳವಡಿಸಲಾದ ಪರ್ಸೆವಲ್ ಕವಾಟದಲ್ಲಿ ದನದ ಹೃದಯದ ಹೊರಪೊರೆಯಿಂದ ಮಾಡಿದ ದಳಗಳು ನಿಟಿನಾಲ್ ಎಂಬ ನಿಕಲ್-ಟೈಟಾನಿಯಂ ಮಿಶ್ರಲೋಹದ ಚೌಕಟ್ಟಿನಲ್ಲಿರುತ್ತವೆ; ಸರಿಯಾದ ಜಾಗಕ್ಕೆ ಇಳಿಸಲು ಬಳಸುವ ಮೂರು ದಾರಗಳನ್ನು ಕೊನೆಯಲ್ಲಿ ತೆಗೆದುಬಿಡುತ್ತಾರೆ. ಇದೇ ಬಗೆಯ ಇನ್ನೊಂದು ಕವಾಟವಾದ ಇಂಟ್ಯೂಯಿಟಿಗೆ ಮಾತ್ರ ಮೂರು ಹೊಲಿಗೆ ಉಳಿದುಕೊಳ್ಳುವುದರಿಂದ ಅದನ್ನು ‘ತ್ವರಿತ ಅಳವಡಿಕೆ’ಯ ಕವಾಟವೆನ್ನುವುದೇ ಸರಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಎರಡಕ್ಕೂ ಒಪ್ಪಿಗೆ ನೀಡಿತು.

ನಾಳದ ಮೂಲಕ ಕೂರಿಸುವ ಕವಾಟ ಹಳೆಯ ಗಟ್ಟಿ ದಳಗಳನ್ನು ಬದಿಗೊತ್ತಿ ಅಲ್ಲೇ ಬಿಡುತ್ತದೆ. ಹೊಲಿಗೆಯಿಲ್ಲದ ಕವಾಟವನ್ನು ಕೂರಿಸುವಾಗ ಶಸ್ತ್ರವೈದ್ಯರು ಅವನ್ನು ಕತ್ತರಿಸಿ ತೆಗೆದು, ಜಾಗವನ್ನು ಕಣ್ಣಾರೆ ನೋಡಿ ಹೊಸದನ್ನು ಇಳಿಸುತ್ತಾರೆ. ಕ್ಲ್ಯಾಂಪ್ ಹಾಕಿಡುವ ಅವಧಿ ಗಣನೀಯವಾಗಿ ತಗ್ಗುವುದರಿಂದ, ಬೈಪಾಸ್ ಮುಂತಾದ ಮತ್ತೊಂದು ಶಸ್ತ್ರಚಿಕಿತ್ಸೆಯೂ ಜೊತೆಗೇ ಆಗಬೇಕಾದ ವಯಸ್ಸಾದವರಿಗೆ, ಹಾಗೂ ಎದೆಯೆಲುಬನ್ನು ಭಾಗಶಃ ಮಾತ್ರ ತೆರೆಯುವ ವಿಧಾನಕ್ಕೆ ಇದು ನಿಜಕ್ಕೂ ಒದಗಿಬರುತ್ತದೆ.

ಆದರೆ ಮರೆಮಾಚಬಾರದ ಬೆಲೆಯೂ ಇದೆ. ಹೃದಯ ಬಡಿತದ ವಿದ್ಯುತ್ ಸಂಕೇತ ಸಾಗುವ ತಂತುಗಳು ಈ ಕವಾಟದ ಬುಡಕ್ಕೆ ತೀರ ಹತ್ತಿರದಲ್ಲಿವೆ, ಅರಳಿದ ಚೌಕಟ್ಟು ಅವುಗಳನ್ನು ಒತ್ತಬಹುದು. ಪರ್ಸೆವಲನ್ನು ಹೊಲಿಗೆಯ ಕವಾಟಗಳೊಂದಿಗೆ ಹೋಲಿಸಿದ ಪರ್ಸಿಸ್ಟ್ ಅಧ್ಯಯನದಲ್ಲಿ ಒಂದು ವರ್ಷದ ಪ್ರಮುಖ ಫಲಿತಾಂಶಗಳು ಹೊಲಿಗೆಯ ಕವಾಟಕ್ಕಿಂತ ಕಳಪೆಯಾಗಿರಲಿಲ್ಲವಾದರೂ, ಬಡಿತವನ್ನು ಕಾಯ್ದುಕೊಳ್ಳಲು ಪೇಸ್‌ಮೇಕರ್ ಬೇಕಾದವರ ಪ್ರಮಾಣ ಸ್ಪಷ್ಟವಾಗಿ ಹೆಚ್ಚಿತ್ತು. ತೀರ ದೊಡ್ಡ ಗಾತ್ರದ ಕವಾಟವನ್ನು ಆರಿಸದಿರುವುದು, ತಕ್ಕಷ್ಟೇ ಆಳಕ್ಕೆ ಇಳಿಸುವುದು, ಚೌಕಟ್ಟನ್ನು ಒಳಗಿನಿಂದ ಒತ್ತಿ ಕೂರಿಸುವ ಬಲೂನನ್ನು ಅತಿಯಾಗಿ ಉಬ್ಬಿಸದಿರುವುದು ಈ ತೊಂದರೆಯನ್ನು ತಗ್ಗಿಸುತ್ತವೆ ಎಂಬ ಅನುಭವದಿಂದ, ಕವಾಟದ ಅಳತೆ ತೆಗೆಯುವ ಕ್ರಮವನ್ನೇ ಈಚೆಗೆ ತಿದ್ದಿಕೊಳ್ಳಲಾಗಿದೆ.