ರಿಕಾಲ್ ಪತ್ರ ಬರ್ಲಿಲ್ಲ ಅಂದ್ರೆ ರಿಕಾಲ್ ಇಲ್ಲ ಅಂತಲ್ಲ

ಶಿರಸಿಲಿ ಗ್ಯಾರೇಜ್ ಇಟ್ಕೊಂಡವ ನಾನು, ಘಟ್ಟ ಹತ್ತಿ ಇಳಿಯೋ ಗಾಡಿಗಳೇ ದಿನಾ ಬರ್ತವೆ. ಹೋದ ಮಳೆಗಾಲದಲ್ಲಿ ತೋಟದವರೊಬ್ರು ಬಂದ್ರು, ಬೆಳಗಾವಿ ಕಡೆಯಿಂದ ತಂದ ಸೆಕೆಂಡ್ ಹ್ಯಾಂಡ್ ಕಾರು. "ಬ್ರೇಕ್ ಹಿಡೀತದೆ ಮಾರಾಯ, ಆದ್ರೆ ಎಂತದೋ ಸರಿ ಇಲ್ಲ, ನಾಳೆ ಕುಮಟೆಗೆ ಹೋಗ್ಬೇಕು" ಅಂದ್ರು. ಕೂತು ಪೆಡಲ್ ಒತ್ತಿದೆ, ಗಟ್ಟಿಯಾಗೇ ಇತ್ತು. ಕಾಲು ತೆಗೀದೆ ಹಾಗೇ ಒತ್ತಿ ಹಿಡ್ಕೊಂಡೆ, ನಿಧಾನಕ್ಕೆ ಕೆಳಗೆ ಕೆಳಗೆ ಹೋಗ್ತಾ ನೆಲಕ್ಕೆ ಹತ್ರ ಬಂತು. ಹೊರಗೆಲ್ಲೂ ಒಂದು ಹನಿ ಬ್ರೇಕ್ ಆಯಿಲ್ ಸೋರಿಲ್ಲ, ಅದರ ಡಬ್ಬಿಲಿ ಲೆವೆಲ್ ಸರಿ ಇದೆ. ಅಂದ್ರೆ ಪೆಡಲ್ ಒತ್ತಿದಾಗ ಆಯಿಲ್‌ನ ಚಕ್ರದ ಕಡೆ ತಳ್ಳೋ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಪ್ರೆಶರ್ ತಡೀತಿಲ್ಲ. ಮೂರು ವರ್ಷದ ಗಾಡಿಗೆ ಇಷ್ಟು ಬೇಗ ಹೀಗಾಗ್ಬಾರ್ದು.

ಆರ್‌ಸಿ ತಗೊಂಡು 17 ಅಕ್ಷರದ ಚಾಸಿ ನಂಬರ್ ಸರ್ವೀಸ್ ಸೆಂಟರಿಗೆ ಫೋನಲ್ಲಿ ಓದಿ ಹೇಳ್ದೆ. ಆ ಗಾಡಿ ಮೇಲೆ ಅದೇ ಪಾರ್ಟ್‌ಗೆ ರಿಕಾಲ್, ಅಂದ್ರೆ ಕಂಪನಿಯೇ ಕರೆಸಿ ಸರಿ ಮಾಡ್ಕೊಡೋ ಕೆಲಸ, ಬಾಕಿ ಇತ್ತು! ಪತ್ರ, ಮೆಸೇಜು ಎಲ್ಲ ಹಳೇ ಮಾಲೀಕರಿಗೆ ಹೋಗಿದೆ, ಇವ್ರಿಗೆ ಯಾರು ಹೇಳ್ಬೇಕು. ನಮ್ ಕಡೆ ಗೋವಾ, ಹುಬ್ಬಳ್ಳಿಯಿಂದ ತಂದ ಗಾಡಿ ಎಷ್ಟಿವೆ ನೋಡಿ, ಹಾಗಾಗಿ ಪತ್ರ ಕಾಯ್ಬೇಡಿ, ಕಂಪನಿ ವೆಬ್‌ಸೈಟಲ್ಲಿ ರಿಕಾಲ್ ಅಂತ ಇರ್ತದೆ, ಅಲ್ಲಿ ಚಾಸಿ ನಂಬರ್ ಹಾಕಿ ನೀವೇ ನೋಡ್ಕೊಳಿ. ಗಾಡಿ ನಂಬರ್ ಹಾಕಿ ಬರ್ಲಿಲ್ಲ ಅಂತ ಬಿಟ್ಬಿಡೋರೂ ಇದ್ದಾರೆ, ಬೇಕಾಗೋದು ಚಾಸಿ ನಂಬರ್ರು.

ರಿಕಾಲ್ ಅಂದ್ರೆ ಗಾಡಿ ವಾಪಸ್ ಕಿತ್ಕೊಳೋದಲ್ಲ, ತಯಾರಿಲೇ ಆದ ತಪ್ಪನ್ನ ಕಂಪನಿ ತನ್ನ ಖರ್ಚಲ್ಲಿ ಸರಿ ಮಾಡ್ಕೊಡೋದು, ಪಾರ್ಟ್‌ಗೂ ಮಜೂರಿಗೂ ನೀವು ದುಡ್ಡು ಕೊಡೋ ಹಾಗಿಲ್ಲ. 2022ರ ಅಕ್ಟೋಬರಲ್ಲಿ ಮಾರುತಿಯವ್ರು ಹಿಂದಿನ ಬ್ರೇಕಿನ ಒಂದು ಪಿನ್ನಿಗೋಸ್ಕರ 9,925 ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್ ಕರೆಸಿದ್ರು, ಅಷ್ಟು ಸಣ್ಣ ಪಿನ್ನು. ಕಂಪನಿ ತಾನಾಗೇ ಮಾಡದಿದ್ರೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಲಿ ಸರ್ಕಾರವೇ ಆದೇಶ ಮಾಡಬಹುದು, 2021ರ ಏಪ್ರಿಲಿಂದ ಜಾರಿಯಾದ ನಿಯಮದಲ್ಲಿ 7 ವರ್ಷದೊಳಗಿನ ಗಾಡಿಗಳ ವಿಷಯದಲ್ಲಿ ಕಂಪನಿಗೆ 10 ಲಕ್ಷದಿಂದ 1 ಕೋಟಿವರೆಗೂ ದಂಡ ಇದೆ. ದೂರು ಸರ್ಕಾರದ ವಾಹನ್ ಪೋರ್ಟಲಲ್ಲಿ ಕೊಡಬಹುದು.

ಆದ್ರೆ ಎಲ್ಲಾ ಬ್ರೇಕ್ ತೊಂದರೆನೂ ರಿಕಾಲ್ ಅಲ್ಲ. ಕಾರವಾರ, ಅಂಕೋಲೆ ಕಡೆ ಉಪ್ಪು ಗಾಳಿಗೆ ಬ್ರೇಕ್ ಪೈಪ್ ತುಕ್ಕು ಹಿಡಿಯೋದು, ಲೈನರ್ ಸವೆಯೋದು ನಮ್ಮದೇ ಜವಾಬ್ದಾರಿ. ಬ್ರೇಕ್ ಆಯಿಲ್ಲೂ ಹಾಗೇ, ಗಾಳಿಯ ನೀರು ಎಳ್ಕೊಳ್ತದೆ. ಡಾಟ್ 4 ಅನ್ನೋ ದರ್ಜೆಯ ಹೊಸ ಆಯಿಲ್ ಕುದಿಯೋಕೆ ಕಮ್ಮಿ ಅಂದ್ರೂ 230 ಡಿಗ್ರಿ ಬೇಕು, ನೀರು ಸೇರಿದ್ದಕ್ಕೆ 155 ಸಾಕು, ದೇವಿಮನೆ ಘಟ್ಟ ಪೂರ್ತಿ ಬ್ರೇಕ್ ಮೇಲೇ ಇಳಿದ್ರೆ ಆಯಿಲ್ ಕಾದು ಕುದ್ದು ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗೋದು ಇದಕ್ಕೇ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಗೇರಲ್ಲಿ ಇಳೀರಿ.

ಆ ತೋಟದವರ ಕಾರಿಗೆ ಅವತ್ತೇ ಸಂಜೆ ನಾನು ಹೊಸ ರಬ್ಬರ್ ಕಿಟ್ ಹಾಕಿ ಕಳಿಸಬಹುದಿತ್ತು, ನಮ್ಮಲ್ಲಿ ಸುಮಾರು ಮೆಕ್ಯಾನಿಕ್ಕು ಹಾಗೇ ಮಾಡ್ತಾರೆ, ಅದು ತಪ್ಪು ಅಂತ ನಾನು ಖಂಡಿತ ಹೇಳ್ತೇನೆ, ಯಾಕಂದ್ರೆ ದುಡ್ಡು ಅವ್ರದ್ದು ಹೋಗ್ತದೆ, ಕಂಪನಿ ದಾಖಲೆಲಿ ರಿಕಾಲ್ ಹಾಗೇ ಬಾಕಿ ಉಳೀತದೆ. "ಈ ಕಾರಲ್ಲಿ ಘಟ್ಟ ಇಳೀಬೇಡಿ, ಕುಮಟೆಗೆ ಬಸ್ಸಲ್ಲಿ ಹೋಗಿ" ಅಂದೆ, ಅವ್ರಿಗೆ ಬೇಜಾರಾಯ್ತು, ಆದ್ರೂ ಕೇಳಿದ್ರು. ಕಾರನ್ನ ಟೋವಿಂಗಲ್ಲಿ ಹುಬ್ಬಳ್ಳಿಗೆ ಕಳಿಸಿದ್ವಿ. ಜಾಬ್ ಕಾರ್ಡಲ್ಲಿ ರಿಕಾಲ್ ಕೆಲಸ ಅಂತ ಬರೆಸಿ, ಬಿಲ್ ಸೊನ್ನೆ ಹಾಕಿಸ್ಕೊಂಡು ಬಂದ್ರು. ಅದರ ಜೆರಾಕ್ಸು ಈಗ ಆರ್‌ಸಿ ಜೊತೆ ಡ್ಯಾಶ್‌ಬೋರ್ಡಲ್ಲೇ ಇದೆ, ಮುಂದೆ ಆ ಕಾರ್ ತಗೊಳೋರಿಗೆ ಸಿಗ್ಲಿ ಅಂತ.