ಆರು ಸಬ್‌ಮರೀನ್‌ಗೆ ಇಪ್ಪತ್ತು ವರ್ಷ ಯಾಕೆ ಹಿಡಿಯಿತು?

ದಾವಣಗೆರೆಯ ಲೈಬ್ರರಿಗಳಲ್ಲಿ ಸರ್ಕಾರಿ ಪರೀಕ್ಷೆಗೆ ಓದುತ್ತಾ ಕೂತ ಹುಡುಗರನ್ನು ಕೇಳಿ ನೋಡಿ. ಡಿಸೆಂಬರ್ 8 ಸಬ್‌ಮರೀನ್ ದಿನ, ಮೊದಲನೆಯದು ಐಎನ್‌ಎಸ್ ಕಲ್ವರಿ, ಇಸವಿ 1967 ಅಂತ ಪಟಪಟ ಹೇಳುತ್ತಾರೆ. ಪ್ರಶ್ನೆಪತ್ರಿಕೆಗೆ ಅಷ್ಟು ಸಾಕು. ಆದರೆ 2005ರಲ್ಲಿ ಆರ್ಡರ್ ಕೊಟ್ಟ, ಫ್ರೆಂಚ್ ವಿನ್ಯಾಸದ ಆರು ಸ್ಕಾರ್ಪೀನ್ ಸಬ್‌ಮರೀನ್‌ಗಳಲ್ಲಿ ಕೊನೆಯದು ನೌಕಾಪಡೆಯ ಕೈಸೇರಿದ್ದು 2025ರ ಜನವರಿಯಲ್ಲಿ. ಇಷ್ಟು ವರ್ಷ ಯಾಕೆ ಬೇಕಾಯಿತು ಅನ್ನುವ ಪ್ರಶ್ನೆ ಯಾವ ಗೈಡಿನಲ್ಲೂ ಇರುವುದಿಲ್ಲ. ಅದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1960ರ ದಶಕದಲ್ಲಿ ನಮ್ಮ ನೌಕಾಪಡೆ ಮೊದಲು ಬಾಗಿಲು ತಟ್ಟಿದ್ದು ಬ್ರಿಟನ್‌ನದು. ನಮಗೆ ಒಗ್ಗುವ ಷರತ್ತಿನಲ್ಲಿ ಅಲ್ಲಿ ಏನೂ ಸಿಗಲಿಲ್ಲ. 1965ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಆಯಿತು. ನಮ್ಮವರು ಅಲ್ಲಿಗೇ ಹೋಗಿ, ರಷ್ಯನ್ ಕಲಿತು, ಯಂತ್ರ ಕಲಿತರು. 1967ರ ಡಿಸೆಂಬರ್ 8ರಂದು ಲಾಟ್ವಿಯಾದ ರೀಗಾ ಬಂದರಿನಲ್ಲಿ ಕಲ್ವರಿಯ ಮೇಲೆ ನಮ್ಮ ಬಾವುಟ ಏರಿತು. ಅದರ ಮೊದಲ ಕಮಾಂಡಿಂಗ್ ಆಫೀಸರ್ ಕಮಾಂಡರ್ ಕೆ.ಎಸ್. ಸುಬ್ರಮಣಿಯನ್. 1974ರ ಕೊನೆಗೆ ಇದೇ ಜಾತಿಯ ಎಂಟು ಸಬ್‌ಮರೀನ್ ನಮ್ಮಲ್ಲಿದ್ದವು. ಅವುಗಳಲ್ಲಿ ಒಂದಾದ ಕುರ್ಸುರಾ ಈಗ ವಿಶಾಖಪಟ್ಟಣದ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಒಳಗೆ ಹೊಕ್ಕು ನೋಡಿದರೆ ಸಾಕು, ಸುಮಾರು 75 ಜನ ಅಷ್ಟು ಇಕ್ಕಟ್ಟಿನಲ್ಲಿ ವಾರಗಟ್ಟಲೆ ಹೇಗಿದ್ದರಪ್ಪಾ ಅನ್ನಿಸುತ್ತದೆ.

ಸಬ್‌ಮರೀನ್ ಏನು ಮಾಡಬಲ್ಲದು ಅಂತ ದೇಶಕ್ಕೆ ಗೊತ್ತಾಗಿದ್ದು 1971ರ ಯುದ್ಧದಲ್ಲಿ. ವಿಶಾಖಪಟ್ಟಣದ ಹೊರಗೆ ಪಾಕಿಸ್ತಾನದ ಸಬ್‌ಮರೀನ್ ಘಾಜಿ ಮುಳುಗಿತು. ನಮ್ಮ ರಜಪೂತ್ ಹಡಗೇ ಮುಳುಗಿಸಿತು ಅಂತ ನಾವು, ಒಳಗೇ ಸ್ಫೋಟವಾಯಿತು ಅಂತ ಅವರು. ಡಿಸೆಂಬರ್ 9ರ ರಾತ್ರಿ ಅವರ ಇನ್ನೊಂದು ಸಬ್‌ಮರೀನ್ ಹ್ಯಾಂಗೋರ್ ದಿಯು ಹತ್ತಿರ ನಮ್ಮ ಯುದ್ಧಹಡಗು ಖುಕ್ರಿಯನ್ನು ಹೊಡೆದು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿ 194 ಜನ ಹೋದರು. ನಮ್ಮ ಸಬ್‌ಮರೀನ್‌ಗಳು ಆ ಯುದ್ಧದಲ್ಲಿ ಯಾವ ಹಡಗನ್ನೂ ಮುಳುಗಿಸಲಿಲ್ಲ.

ಕಥೆ ತಿರುಗಿದ್ದು 1981ರಲ್ಲಿ. ಕೊಂಡು ತರುವುದಷ್ಟೇ ಸಾಲದು, ಇಲ್ಲೇ ಕಟ್ಟಬೇಕು ಅಂತ ಜರ್ಮನಿಯ ಎಚ್‌ಡಿಡಬ್ಲ್ಯು ಕಂಪನಿ ಜೊತೆ ಒಪ್ಪಂದ ಮಾಡಿಕೊಂಡೆವು. ಎರಡು ಕೀಲ್ ಪಟ್ಟಣದಲ್ಲಿ, ಎರಡು ಮುಂಬೈನ ಮಜಗಾಂವ್ ಡಾಕ್‌ನಲ್ಲಿ. ಆಮೇಲೆ ಇನ್ನೂ ಎರಡು ಕಟ್ಟುವ ಮಾತಿತ್ತು. ಇದು ಸಾಮಾನ್ಯ ಕೆಲಸ ಅಲ್ಲ. ನೀರಿನ ಆಳದಲ್ಲಿ ಹೊರಮೈ ಮೇಲೆ ಬೀಳುವ ಒತ್ತಡಕ್ಕೆ ಒಂದು ಕೆಟ್ಟ ಬೆಸುಗೆ ಸಾಕು, ಎಲ್ಲ ಮುಗಿದುಹೋಗುತ್ತದೆ. ಇಂಥ ಉಕ್ಕಿಗೆ ವೆಲ್ಡಿಂಗ್ ಮಾಡುವುದನ್ನು ಮುಂಬೈನ ಕೆಲಸಗಾರರು ಕಲಿತರು. 1992ರಲ್ಲಿ ಶಲ್ಕಿ, 1994ರಲ್ಲಿ ಶಂಕುಲ್ ನೌಕಾಪಡೆ ಸೇರಿದವು. ಅಲ್ಲಿಗೆ ನಿಂತಿತು.

ನಿಂತಿದ್ದಕ್ಕೆ ಕಾರಣ, ಈ ಖರೀದಿಯಲ್ಲಿ ಕಮಿಷನ್ ಹೊಡೆದಿದ್ದಾರೆ ಅನ್ನುವ ಆರೋಪ. 1987ರಲ್ಲಿ ರಕ್ಷಣಾ ಮಂತ್ರಿ ವಿ.ಪಿ. ಸಿಂಗ್ ತನಿಖೆಗೆ ಆದೇಶ ಕೊಟ್ಟು, ಆಮೇಲೆ ಮಂತ್ರಿಗಿರಿಯನ್ನೇ ಬಿಟ್ಟರು. ಸಿಬಿಐ ವರ್ಷಗಟ್ಟಲೆ ಹುಡುಕಿತು, ಸಾಕ್ಷಿ ಸಿಗಲಿಲ್ಲ ಅಂತ ಕೈತೊಳೆದುಕೊಂಡಿತು. ಐದನೆಯದು, ಆರನೆಯದು ಕಾಗದದಲ್ಲೇ ಉಳಿದವು. ದುಡ್ಡು ತಿಂದವರಿದ್ದರೆ ಅವರನ್ನು ಹಿಡಿಯಬೇಕಿತ್ತು, ಸರಿ. ಶಿಕ್ಷೆ ಬಿದ್ದದ್ದು ಮಾತ್ರ ಕೆಲಸ ಕಲಿತವರಿಗೆ.

ಇದು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಿದು. ಹತ್ತಿ ಮಿಲ್ಲು ಮುಚ್ಚಿದರೆ ಕಟ್ಟಡ ಹಾಗೇ ಇರುತ್ತದೆ, ಮಗ್ಗದ ಗುಟ್ಟು ಬಲ್ಲವರು ಚದುರಿಹೋಗುತ್ತಾರೆ. ಹತ್ತು ವರ್ಷ ಬಿಟ್ಟು ಬಾಗಿಲು ತೆಗೆದರೆ ಕಲಿಸೋರು ಯಾರು? ಮಜಗಾಂವ್‌ನಲ್ಲೂ ಅದೇ ಆಯಿತು. 1994ರಲ್ಲಿ ಶಂಕುಲ್ ಹೊರಗೆ ಬಂತು, ಸ್ಕಾರ್ಪೀನ್‌ಗೆ ಮೊದಲ ಉಕ್ಕು ಕತ್ತರಿಸಿದ್ದು 2006ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಜರ್ಮನರಿಂದ ಕಲಿತ ಎಷ್ಟೋ ಮಂದಿ ನಿವೃತ್ತರಾಗಿದ್ದರು. ಈ ಸಲ ಫ್ರೆಂಚರಿಂದ ಮತ್ತೆ ಮೊದಲಿನಿಂದ ಪಾಠ. 2012ಕ್ಕೆ ಬರಬೇಕಿದ್ದ ಮೊದಲ ಸಬ್‌ಮರೀನ್, ಹೊಸ ಕಲ್ವರಿ, 2017ರ ಡಿಸೆಂಬರ್‌ನಲ್ಲಿ ಬಂತು. ಬಂದರೂ ಅದಕ್ಕೆಂದು ಆರಿಸಿದ ಇಟಲಿಯ ಟಾರ್ಪಿಡೊ, ಅಂದರೆ ನೀರೊಳಗೆ ಹೋಗಿ ಹಡಗಿಗೆ ಬಡಿಯುವ ಅಸ್ತ್ರ, ಬರಲಿಲ್ಲ. ಆ ಕಂಪನಿಯ ಮಾತೃಸಂಸ್ಥೆ ಹೆಲಿಕಾಪ್ಟರ್ ಹಗರಣದಲ್ಲಿ ಸಿಕ್ಕಿಕೊಂಡು ಖರೀದಿಯೇ ರದ್ದಾಯಿತು. ಎಚ್‌ಡಿಡಬ್ಲ್ಯು ಕಾಲದ ಹಳೇ ಟಾರ್ಪಿಡೊಗಳೇ ಗತಿ ಆದವು.

ನಡುವಿನ ವರ್ಷಗಳನ್ನು ದೂಡಿದ್ದು ‘ಕಿಲೋ’ ಅನ್ನುವ ದರ್ಜೆಯ ರಷ್ಯಾದ ಹತ್ತು ಸಬ್‌ಮರೀನ್‌ಗಳು. ಅವುಗಳಿಗೂ ವಯಸ್ಸಾಗುತ್ತಾ ಬಂತು. ಸಿಂಧುಕೀರ್ತಿ ರಿಪೇರಿಗೆಂದು ವಿಶಾಖಪಟ್ಟಣದ ಹಡಗುಕಟ್ಟೆಗೆ ಹೋಗಿ ಸುಮಾರು ಒಂಬತ್ತು ವರ್ಷ ಅಲ್ಲೇ ಕೂತಿತ್ತು. 2013ರ ಆಗಸ್ಟ್‌ನಲ್ಲಿ ಮುಂಬೈ ಬಂದರಿನಲ್ಲೇ ಸಿಂಧುರಕ್ಷಕ್ ಸ್ಫೋಟಗೊಂಡು 18 ಜನ ಸತ್ತರು. ಮರುವರ್ಷ ಸಿಂಧುರತ್ನದಲ್ಲಿ ಬೆಂಕಿ ಬಿದ್ದು ಇಬ್ಬರು ಅಧಿಕಾರಿಗಳು ತೀರಿಕೊಂಡರು. ಅದೇ ದಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ರಾಜೀನಾಮೆ ಕೊಟ್ಟರು.

ನಿಲ್ಲದೆ ನಡೆದ ಕೆಲಸವೂ ಒಂದಿದೆ: ಅಣುಶಕ್ತಿಯ ಸಬ್‌ಮರೀನ್. ಡೀಸೆಲ್ ಸಬ್‌ಮರೀನ್ ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲು ಗಾಳಿಗಾಗಿ ಮೇಲೆ ಬರಲೇಬೇಕು, ಇದಕ್ಕೆ ಆ ಕಷ್ಟ ಇಲ್ಲ. ಆರಂಭದಲ್ಲಿ ವರ್ಷಗಟ್ಟಲೆ ತಡವಾಯಿತು ನಿಜ, ಆದರೆ ಯೋಜನೆ ಕೈಬಿಡಲಿಲ್ಲ. ಅರಿಹಂತ್ 2016ರಲ್ಲಿ ಬಂತು, ಅರಿಘಾತ್ 2024ರಲ್ಲಿ. ಈ ಸಬ್‌ಮರೀನ್‌ಗಳ ಯುರೇನಿಯಂ ಕೆಲಸದ ಜಾಗ ಮೈಸೂರಿನ ರಟ್ಟೆಹಳ್ಳಿ. ನಮ್ಮ ಪಕ್ಕದ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲೂ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಾಗ ಕೊಟ್ಟಿದ್ದಾರೆ. ಅದೇ ಕಾವಲಲ್ಲಿ ಕುರಿ, ದನ ಮೇಯಿಸುತ್ತಿದ್ದವರು ತಿರುಗಿಬಿದ್ದರು, ಜಗಳ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ಆ ಜಗಳದ್ದು ಬೇರೆಯೇ ಲೇಖನ ಆಗುತ್ತದೆ.

ಈಗ ಮುಂಬೈನಲ್ಲಿ ಆರು ಸ್ಕಾರ್ಪೀನ್ ಮುಗಿದಿವೆ. ಇನ್ನೂ ಮೂರು ಕಟ್ಟಲು 2023ರಲ್ಲಿ ರಕ್ಷಣಾ ಇಲಾಖೆ ತಾತ್ವಿಕವಾಗಿ ಒಪ್ಪಿತ್ತು. ಮುಂದಿನ ಆರು ಸಬ್‌ಮರೀನ್‌ಗೆ 2021ರಲ್ಲಿ ಟೆಂಡರ್ ಕರೆದರು. ಅದರ ಮಾತುಕತೆ ಶುರುವಾಗಿದ್ದು 2025ರಲ್ಲಿ. ಯಾರ ಜೊತೆ ಗೊತ್ತಾ? ಎಚ್‌ಡಿಡಬ್ಲ್ಯುವನ್ನು ತನ್ನೊಳಗೆ ಸೇರಿಸಿಕೊಂಡ ಜರ್ಮನಿಯ ಟಿಕೆಎಂಎಸ್ ಜೊತೆ. ಅಂದರೆ 1981ರಲ್ಲಿ ಕೈಕುಲುಕಿದ ಅದೇ ಕೀಲ್ ಹಡಗುಕಟ್ಟೆ, ಈ ಕಡೆ ಅದೇ ಮಜಗಾಂವ್ ಡಾಕ್.